ಅಜುಲಾಳಿಗೆ ತೌಬಾದ ಬಾಗಿಲಿಲ್ಲವೇ?

ಹದಿನಾಲ್ಕು ವರ್ಷದ ಒಬ್ಬಳು ಹುಡುಗಿ ಇನ್ನೆಂದೂ ಸರಿಹೋಗುವುದಿಲ್ಲ ಎಂದು ತೀರ್ಪು ಕೊಡುವ ಅಧಿಕಾರ ಕತೆಗಾರರಿಗೆ ಇದೆಯೇ? ಇಲ್ಲ ಎಂದು ವಾದಿಸಲು ನಾನು ಹೊರಟಿದ್ದೇನೆ. ಆ ಹುಡುಗಿ ಒಂದು ಕಾರ್ಟೂನಿನ ಪಾತ್ರ ಎಂದು ಗೊತ್ತಾದ ಕೂಡಲೇ ಕೆಲವು ಓದುಗರು ಪುಟ ಮಗುಚಿಬಿಡಬಹುದು. ದಯವಿಟ್ಟು ಮಗುಚಬೇಡಿ. ಒಳ್ಳೆಯವರು ಯಾರು, ಕೆಟ್ಟವರು ಯಾರು, ಯಾರನ್ನು ಕ್ಷಮಿಸಬೇಕು, ಯಾರನ್ನು ಕೈಬಿಡಬೇಕು ಎಂಬ ಪಾಠವನ್ನು ನಮ್ಮ ಮನೆಯ ಮಕ್ಕಳು ಈಗ ನಾನಿಯ ಬಾಯಿಂದ ಕೇಳುವುದು ಕಡಿಮೆ. ಇಂಥ ಕತೆಗಳಿಂದ ಕಲಿಯುವುದೇ ಹೆಚ್ಚು.

ನನ್ನ ತಂಗಿಯ ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಧಾರಾವಾಹಿಯನ್ನು ಅವಳು ಎಷ್ಟು ಸಲ ನೋಡಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಅದರ ಮುಂದುವರಿದ ಕತೆಯ ಕಾಮಿಕ್ಸ್ ಪುಸ್ತಕಗಳನ್ನೂ ಈದಿಯ ದುಡ್ಡಿನಲ್ಲಿ ಒಂದೊಂದಾಗಿ ತರಿಸಿಕೊಂಡಿದ್ದಾಳೆ. ಒಂದು ಸಂಜೆ ಚಹಾ ಕುಡಿಯುತ್ತಾ ಕುಳಿತಿದ್ದಾಗ ಹೇಳಿದಳು: "ಖಾಲಾ, ಅಜುಲಾ ಹುಟ್ಟುವಾಗಲೇ ಕೆಟ್ಟವಳು. ಕೆಲವರು ಹಾಗೇ ಹುಟ್ಟಿರ್ತಾರೆ."

"ಯಾರು ಹೇಳಿದ್ದು ನಿನಗೆ?"

"ಪುಸ್ತಕದಲ್ಲೇ ಇದೆಯಲ್ಲ."

ನಾನು ಅವಳ ಪುಸ್ತಕಗಳನ್ನೆಲ್ಲ ಕೇಳಿ ತಂದೆ. ಧಾರಾವಾಹಿಯನ್ನು ಅವಳ ಜೊತೆ ಕುಳಿತು ಮೊದಲೇ ನೋಡಿದ್ದೆ. ಎರಡು ವಾರ ಬೇರೇನನ್ನೂ ಓದದೆ ಆ ಪುಸ್ತಕಗಳನ್ನು ಓದಿದೆ. ಅವಳು ಹೇಳಿದ ವಾಕ್ಯ ಎಲ್ಲಿಯೂ ಅಕ್ಷರದಲ್ಲಿ ಇಲ್ಲ. ಆದರೆ ಹುಡುಗಿ ತಪ್ಪಾಗಿ ಓದಿಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೇ.

ಗೊತ್ತಿಲ್ಲದವರಿಗಾಗಿ ಒಂದಿಷ್ಟು ಹಿನ್ನೆಲೆ. ಮೈಕೇಲ್ ಡಾಂಟೆ ಡಿಮಾರ್ಟಿನೋ ಮತ್ತು ಬ್ರಯಾನ್ ಕೊನಿಯೆಟ್ಸ್‌ಕೋ ಎಂಬ ಇಬ್ಬರು ಅಮೆರಿಕನ್ನರು ಸೃಷ್ಟಿಸಿದ ಈ ಧಾರಾವಾಹಿ ಅಲ್ಲಿನ ನಿಕೆಲೋಡಿಯನ್ ವಾಹಿನಿಯಲ್ಲಿ 2005ರಿಂದ 2008ರವರೆಗೆ 61 ಕಂತುಗಳಲ್ಲಿ ಬಂತು. ನೀರು, ಭೂಮಿ, ಬೆಂಕಿ, ಗಾಳಿ ಎಂದು ನಾಲ್ಕು ನಾಡುಗಳು. ಪ್ರತಿ ನಾಡಿನಲ್ಲೂ ಆ ಧಾತುವನ್ನು ಕೈಸನ್ನೆಯಿಂದ ಆಡಿಸಬಲ್ಲ ಕೆಲವರು. ಬೆಂಕಿ ನಾಡು ನೂರು ವರ್ಷ ದಂಡೆತ್ತಿ ಹೋಗಿ ಗಾಳಿಯ ಜನಾಂಗವನ್ನೇ ನಿರ್ನಾಮ ಮಾಡಿದೆ. ಉಳಿದವನು ಆಂಗ್ ಎಂಬ ಹುಡುಗ ಒಬ್ಬನೇ. ಅವನನ್ನು ಬೇಟೆಯಾಡಲು ಹೊರಟವನು ಬೆಂಕಿ ನಾಡಿನ ರಾಜಕುಮಾರ ಜುಕೋ. ಯುದ್ಧ ಸಭೆಯಲ್ಲಿ ಸೈನಿಕರ ಪ್ರಾಣದ ಪರವಾಗಿ ಒಂದು ಮಾತು ಆಡಿದ್ದಕ್ಕೆ ಹದಿಮೂರನೆಯ ವಯಸ್ಸಿನಲ್ಲಿ ತಂದೆಯಿಂದಲೇ ಮುಖ ಸುಡಿಸಿಕೊಂಡು ದೇಶಭ್ರಷ್ಟನಾದ ಹುಡುಗ. ಅವನ ತಂಗಿ ಅಜುಲಾ. ತಂದೆ ಒಜಾಯ್‌ಗೆ ಅಚ್ಚುಮೆಚ್ಚಿನವಳು, ಅಣ್ಣನಿಗಿಂತ ಚುರುಕು, ಅಣ್ಣನಿಗಿಂತ ಕ್ರೂರಿ.

ಜುಕೋನ ಕತೆಯನ್ನು ಆ ಧಾರಾವಾಹಿ ಹೇಳಿದ ರೀತಿಗೆ ನಾನು ಸಲಾಂ ಹೇಳುತ್ತೇನೆ. ಅವನು ಒಂದೇ ಸಲಕ್ಕೆ ಬದಲಾಗುವುದಿಲ್ಲ. ಒಮ್ಮೆ ಒಳ್ಳೆಯ ದಾರಿಯ ಹೊಸ್ತಿಲಿಗೆ ಬಂದು, ತನ್ನನ್ನು ಸಾಕಿ ಸಲಹಿದ ದೊಡ್ಡಪ್ಪ ಐರೋಗೇ ದ್ರೋಹ ಬಗೆದು ಹಿಂದಿರುಗುತ್ತಾನೆ. ಮತ್ತೆ ಎಡವುತ್ತಾನೆ, ಮತ್ತೆ ಏಳುತ್ತಾನೆ. ಕೊನೆಗೆ ದೊಡ್ಡಪ್ಪನ ಡೇರೆಗೆ ಹೋಗಿ ಕ್ಷಮೆ ಕೇಳಲು ಬಾಯಿ ತೆರೆದಾಗ ಆ ಮುದುಕ ಅವನ ಮಾತು ಮುಗಿಯುವುದಕ್ಕೂ ಕಾಯದೆ ಎಳೆದು ತಬ್ಬಿಕೊಳ್ಳುತ್ತಾನೆ. ನಾನು ಅದನ್ನು ನೋಡಿ ಅತ್ತಿದ್ದೇನೆ, ಹೇಳಲು ನಾಚಿಕೆಯಿಲ್ಲ.

ಅದೇ ಧಾರಾವಾಹಿಯ ಕೊನೆಯಲ್ಲಿ ಅಜುಲಾಳ ಬುದ್ಧಿ ಕೆಡುತ್ತದೆ. ಇಬ್ಬರು ಗೆಳತಿಯರು ಅವಳನ್ನು ಬಿಟ್ಟಿದ್ದಾರೆ, ತಂದೆ ತನ್ನ ಕೊನೆಯ ದಂಡಯಾತ್ರೆಗೆ ಅವಳನ್ನು ಕರೆದೊಯ್ಯದೆ ಹಿಂದೆ ಬಿಟ್ಟಿದ್ದಾನೆ. ಅವಳು ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಾಳೆ. ಕನ್ನಡಿಯಲ್ಲಿ ಎಂದೋ ಹೋದ ತಾಯಿಯನ್ನು ಕಾಣುತ್ತಾಳೆ. ಸೋತು, ಸರಪಳಿಯಲ್ಲಿ ಸಿಕ್ಕಿ, ನೆಲದ ಮೇಲೆ ಹೊರಳಾಡಿ ಅಳುತ್ತಾಳೆ. ಗೆದ್ದ ಅಣ್ಣನ ಮುಖದಲ್ಲಿ ಗೆಲುವಿಲ್ಲ. ಬಾಗಿಲು ಮುಚ್ಚಿಲ್ಲ, ತೆರೆದೂ ಇಲ್ಲ ಎನ್ನುವಂತೆ ಧಾರಾವಾಹಿ ಅಲ್ಲಿ ಅವಳನ್ನು ಬಿಟ್ಟಿತು. ಮುಂದೇನು ಎಂದು ಹೇಳುವ ಹೊಣೆ ಕಾಮಿಕ್ಸ್‌ಗಳ ಹೆಗಲಿಗೆ ಬಂತು.

ಡಾರ್ಕ್ ಹಾರ್ಸ್ ಸಂಸ್ಥೆ ಆ ಪುಸ್ತಕಗಳನ್ನು ಪ್ರಕಟಿಸಿತು. 2012ರಿಂದ 2017ರವರೆಗೆ ಅವುಗಳನ್ನು ಬರೆದವರು ಜೀನ್ ಲೂಯೆನ್ ಯಾಂಗ್, ಚಿತ್ರ ಬರೆದವರು ಗುರಿಹಿರು ಎಂಬ ಹೆಸರಿನ ಜಪಾನಿ ಜೋಡಿ. ಯಾಂಗ್ ಸಾಮಾನ್ಯ ಲೇಖಕರಲ್ಲ. ಚೀನೀ ಮೂಲದ ಅಮೆರಿಕನ್. ಹೈಸ್ಕೂಲಿನಲ್ಲಿ ಬಹಳ ವರ್ಷ ಕಂಪ್ಯೂಟರ್ ಪಾಠ ಹೇಳಿದವರು. ಅವರಿಗೆ ಈ ಕೆಲಸ ಸಿಕ್ಕಿದ ಹಿನ್ನೆಲೆಯೂ ಸ್ವಾರಸ್ಯಕರ. ನಮ್ಮ ಪಕ್ಕದ ಮಾಹೆಯಲ್ಲಿ ಹುಟ್ಟಿದ ಮನೋಜ್ ನೈಟ್ ಶ್ಯಾಮಲನ್ 2010ರಲ್ಲಿ ಈ ಕತೆಯನ್ನು ಸಿನಿಮಾ ಮಾಡಿದಾಗ ನಾಯಕರ ಪಾತ್ರಗಳೆಲ್ಲ ಬಿಳಿಯರ ಪಾಲಾದವು. ಬೆಂಕಿ ನಾಡಿನವರಿಗೆ ಮಾತ್ರ ಕಂದು ಮುಖಗಳು ಬೇಕಾದವು: ಜುಕೋ ಆಗಿ ದೇವ್ ಪಟೇಲ್, ಸೇನಾನಿ ಝಾವೋ ಆಗಿ ಮುಂಬೈಯಲ್ಲಿ ಹುಟ್ಟಿದ ಆಸಿಫ್ ಮಾಂಡ್ವಿ, ಐರೋ ಆಗಿ ಇರಾನ್ ಮೂಲದ ಶಾನ್ ಟೌಬ್. ಇದನ್ನು ಪ್ರತಿಭಟಿಸಿ ಯಾಂಗ್ ಚಿತ್ರ ಬರೆದರು, ಸಿನಿಮಾ ನೋಡಬೇಡಿ ಎಂದರು. ಆ ಪ್ರತಿಭಟನೆಯೇ ಅವರನ್ನು ಈ ಕಾಮಿಕ್ಸ್‌ಗಳ ಬಳಿಗೆ ಕರೆತಂದಿತು. ಖಳನ ಮುಖವನ್ನು ಯಾರ ಮೇಲೆ ಅಂಟಿಸಲಾಗುತ್ತದೆ ಎಂಬುದು ಅಷ್ಟು ಚೆನ್ನಾಗಿ ಗೊತ್ತಿದ್ದವರು ಅವರು. ಹಾಗಾಗಿಯೇ ನನ್ನ ದೂರು ಕೂಡ ದೊಡ್ಡದು.

ಮೊದಲ ಪುಸ್ತಕ 'ದಿ ಪ್ರಾಮಿಸ್' (2012) ಕಂಡು ನನಗೆ ನಿಜವಾಗಿಯೂ ಸಂತೋಷವಾಯಿತು. ಯುದ್ಧ ಮುಗಿದಿದೆ, ಪಶ್ಚಾತ್ತಾಪಪಟ್ಟ ಜುಕೋ ದೊರೆಯಾಗಿದ್ದಾನೆ. ಸಾಮಾನ್ಯ ಕತೆಯಾಗಿದ್ದರೆ ಇಲ್ಲಿಗೆ ಶುಭಂ. ಆದರೆ ಜುಕೋ ಗೆಳೆಯ ಆಂಗ್‌ನಿಂದ ಒಂದು ಭಾಷೆ ತೆಗೆದುಕೊಳ್ಳುತ್ತಾನೆ: ನಾನು ನನ್ನ ತಂದೆಯಂತೆ ಆದರೆ ನನ್ನನ್ನು ಕೊಂದುಬಿಡು. ಭೂಮಿ ನಾಡಿನಲ್ಲಿ ಬೆಂಕಿ ನಾಡಿನವರು ಕಟ್ಟಿಕೊಂಡ ವಸಾಹತುಗಳನ್ನು ತೆರವು ಮಾಡಿಸಬೇಕೆಂದು ಎಲ್ಲರೂ ಒಪ್ಪಿದ್ದಾರೆ. ಆದರೆ ಯು ದಾವೋ ಎಂಬ ಊರಿನಲ್ಲಿ ನೂರು ವರ್ಷದಿಂದ ಎರಡೂ ಕಡೆಯವರು ಬಾಳಿ, ಮದುವೆಯಾಗಿ, ಮಕ್ಕಳು ಮರಿ ಮಾಡಿಕೊಂಡಿದ್ದಾರೆ. ಮೇಯರ್ ಬೆಂಕಿ ನಾಡಿನವನು, ಅವನ ಹೆಂಡತಿ ಭೂಮಿ ನಾಡಿನವಳು. ಅವರ ಮಗಳು ಕೋರಿ ಯಾವ ಕಡೆಗೆ ಹೋಗಬೇಕು? ದಾಳಿಕೋರರ ಮೊಮ್ಮಕ್ಕಳು ಎಂದು ಅವರನ್ನು ಹೊರಗೆ ಹಾಕುವುದು ನ್ಯಾಯವೇ? ಜುಕೋ ತೆರವನ್ನು ನಿಲ್ಲಿಸಿದಾಗ ಗೆಳೆಯರಿಗೆ ಅವನು ತಂದೆಯಂತೆಯೇ ಕಾಣತೊಡಗುತ್ತಾನೆ. ಅವನು ಕದ್ದು ಮುಚ್ಚಿ ಸೆರೆಮನೆಯಲ್ಲಿರುವ ತಂದೆಯ ಸಲಹೆ ಕೇಳಲು ಹೋಗುವುದೂ ನಿಜ. ತೌಬಾ ಮಾಡಿದವನಿಗೆ ಮರುದಿನ ಬೆಳಿಗ್ಗೆ ಎದ್ದು ಆಳ್ವಿಕೆ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಮಕ್ಕಳ ಪುಸ್ತಕವೊಂದು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಅಂದರೆ ಈ ಲೇಖಕರಿಗೆ ಮನುಷ್ಯನ ಮನಸ್ಸಿನ ಸಂಕೀರ್ಣತೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಗೊತ್ತಿದ್ದೂ ಒಬ್ಬಳಿಗೆ ಅದನ್ನು ನಿರಾಕರಿಸಿದ್ದಾರೆ.

2013ರ 'ದಿ ಸರ್ಚ್' ಜುಕೋ ತನ್ನ ತಾಯಿಯನ್ನು ಹುಡುಕಿ ಹೊರಡುವ ಕತೆ. ಧಾರಾವಾಹಿಯಲ್ಲಿ ಉರ್ಸಾ ಎಂದರೆ ಬರೀ ಮಮತೆಯ ನೆನಪು, ತೆರೆಮರೆಯ ದೇವತೆ. ಇಲ್ಲಿ ಅವಳು ರಕ್ತಮಾಂಸದ ಹೆಂಗಸು. ಹಳ್ಳಿಯ ನಾಟಕದ ನಟಿ, ಇಕೆಮ್ ಎಂಬವನೊಂದಿಗೆ ಮದುವೆ ನಿಶ್ಚಯವಾಗಿದ್ದವಳು. ಅರಮನೆಯವರು ಬಂದು ಅವಳನ್ನು ಎತ್ತಿಕೊಂಡು ಹೋಗುವ ಹಾಗೆ ಸೊಸೆಯಾಗಿ ಮಾಡಿಕೊಂಡು ಹೋಗುತ್ತಾರೆ. ಬೇಡ ಎನ್ನುವ ಹಕ್ಕು ಅವಳಿಗಿಲ್ಲ. ಮುಂದೆ ಮಗನ ಪ್ರಾಣ ಉಳಿಸಲು ಗಂಡನ ಕೈಗೆ ವಿಷ ಕೊಡುತ್ತಾಳೆ, ಗಡೀಪಾರಾಗುತ್ತಾಳೆ, ಮಕ್ಕಳು ಒತ್ತೆಯಾಳುಗಳಂತೆ ಅರಮನೆಯಲ್ಲೇ ಉಳಿಯುತ್ತಾರೆ. ನೋವು ತಾಳಲಾರದೆ ಒಂದು ದೈವದ ಬಳಿ ಹೋಗಿ ಬೇರೆ ಮುಖ ಪಡೆದು, ತನ್ನ ಮಕ್ಕಳ ನೆನಪನ್ನೇ ಅಳಿಸಿಕೊಂಡು, ಇಕೆಮ್‌ನೊಂದಿಗೆ ಹೊಸ ಬಾಳು ಕಟ್ಟುತ್ತಾಳೆ. ಕಿಯಿ ಎಂಬ ಹೆಣ್ಣುಮಗುವೂ ಹುಟ್ಟುತ್ತದೆ. ತಾಯಿಯಾದವಳು ಹೀಗೆ ಮಾಡಬಹುದೇ ಎಂದು ಉರ್ಸಾಳನ್ನು ಬೈಯುವವರು ಬಹಳ ಇದ್ದಾರೆ, ನನ್ನ ತಂಗಿಯೂ ಸೇರಿ. ಈ ವಿಷಯದಲ್ಲಿ ನಾನು ಯಾಂಗ್ ಅವರ ಕಡೆ. ಬಲವಂತದ ನಿಕಾಹ್‌ನಲ್ಲಿ ಬೆಂದ ಹೆಂಗಸರನ್ನು ನಾನು ಕಂಡಿದ್ದೇನೆ. ಮರೆವು ಸಿಕ್ಕರೆ ಬೇಡ ಎನ್ನುವವರು ಅವರಲ್ಲಿ ಎಷ್ಟು ಜನ? ಕತೆ ಉರ್ಸಾಳನ್ನು ಕ್ಷಮಿಸುತ್ತದೆ. ಕೊನೆಗೆ ಅವಳ ಮುಖ, ನೆನಪು ಎರಡೂ ಮರಳುತ್ತವೆ. ಮಗ ಸಿಗುತ್ತಾನೆ. ಸರಿಯಾಗಿಯೇ ಇದೆ.

ಆ ಹುಡುಕಾಟದಲ್ಲಿ ಅಜುಲಾ ಕೂಡ ಇರುತ್ತಾಳೆ. ಹುಚ್ಚಾಸ್ಪತ್ರೆಯಿಂದ ಕೈಗಳನ್ನು ಎದೆಗೆ ಬಿಗಿದು ಕಟ್ಟಿದ ಅಂಗಿಯಲ್ಲಿ ಅವಳನ್ನು ಹೊರಗೆ ತರುತ್ತಾರೆ. ಅವಳಿಗೆ ತಾಯಿ ಕಣ್ಣೆದುರು ಬಂದು ಮಾತಾಡುತ್ತಾಳೆ; ತನ್ನ ವಿರುದ್ಧ ತಾಯಿಯೇ ಸಂಚು ಮಾಡಿದ್ದಾಳೆ ಎಂಬ ಭ್ರಮೆ. ಇದೊಂದು ಕಾಯಿಲೆ. ಔಷಧ, ಆರೈಕೆ, ಒಬ್ಬರಾದರೂ ನಂಬುವ ಜನ ಬೇಕಾದ ಕಾಯಿಲೆ. ಪುಸ್ತಕದಲ್ಲಿ ಅದು ಕತೆ ಓಡಿಸುವ ಯಂತ್ರ ಮಾತ್ರ. ಮುಂದಿನ ಅಪಾಯ ಯಾವಾಗ ಬೇಕೋ ಆಗ ಅಜುಲಾಳಿಗೆ ತಾಯಿ ಕಾಣಿಸುತ್ತಾಳೆ, ಅವಳು ಬೆಂಕಿ ಕಾರುತ್ತಾಳೆ. ಕಡೆಗೆ ಅವಳು ತಾಯಿಯ ಮನೆಗೇ ನುಗ್ಗಿ ಕೊಲ್ಲಲು ಕೈ ಎತ್ತುತ್ತಾಳೆ. ನೆನಪಿಲ್ಲದ ತಾಯಿ ಆ ಕ್ಷಣದಲ್ಲಿ, ನಾನು ನಿಜವಾಗಿ ನಿನ್ನ ತಾಯಿಯಾಗಿದ್ದರೆ ನಿನ್ನನ್ನು ಸಾಕಷ್ಟು ಪ್ರೀತಿಸದೆ ಹೋದದ್ದಕ್ಕೆ ಕ್ಷಮಿಸು ಎಂಬ ಅರ್ಥದ ಮಾತು ಹೇಳುತ್ತಾಳೆ. ಹುಡುಗಿಯ ಮುಖ ಒಂದು ಕ್ಷಣ ಕರಗುತ್ತದೆ. ಇಡೀ ಮೂರು ಭಾಗಗಳಲ್ಲಿ ನನಗೆ ಬೇಕಾದ ಪುಟ ಅದೊಂದೇ. ಆಮೇಲೆ? ಅವಳು ಕಾಡಿಗೆ ಓಡಿಹೋಗುತ್ತಾಳೆ. ಕತೆ ಅವಳ ಹಿಂದೆ ಹೋಗುವುದಿಲ್ಲ. ತಾಯಿ ಮಗ ಕುಳಿತು ಹಳೆಯದನ್ನು ಮಾತಾಡುತ್ತಾರೆ.

2015ರಲ್ಲಿ ಶುರುವಾದ 'ಸ್ಮೋಕ್ ಆಂಡ್ ಶ್ಯಾಡೋ'ದಲ್ಲಿ ಅವಳು ಮತ್ತೆ ಬಂದಾಗ ಮಕ್ಕಳ ಕಳ್ಳಿಯಾಗಿದ್ದಾಳೆ. ಹಳೆಯ ಜಾನಪದದ ದೆವ್ವಗಳ ವೇಷ ಹಾಕಿಕೊಂಡು ರಾತ್ರಿ ಮನೆಗಳಿಗೆ ನುಗ್ಗಿ ಮಕ್ಕಳನ್ನು ಎತ್ತಿಕೊಂಡು ಹೋಗುವ ಗುಂಪಿನ ನಾಯಕಿ. ಆ ಗುಂಪಿನ ಹುಡುಗಿಯರು ಯಾರು? ಅದೇ ಹುಚ್ಚಾಸ್ಪತ್ರೆಯಿಂದ ಬಂದವರು! ಇದನ್ನು ಓದಿ ನಾನು ಪುಸ್ತಕ ಕೆಳಗಿಟ್ಟೆ. ಮನಸ್ಸಿನ ಕಾಯಿಲೆಯವರು ಎಂದರೆ ಮಕ್ಕಳನ್ನು ಕದಿಯುವ ದೆವ್ವಗಳು ಎಂದು ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಹೇಳುವುದು ಯಾವ ಸಂಕೀರ್ಣತೆ? ನಮ್ಮ ಕಡೆ ಊರಿಗೆ ಬಂದ ಅಪರಿಚಿತ ಭಿಕ್ಷುಕರನ್ನು, ಬುದ್ಧಿ ಸ್ವಾಧೀನವಿಲ್ಲದ ಹೆಂಗಸರನ್ನು ಮಕ್ಕಳ ಕಳ್ಳರೆಂದು ಹಿಡಿದು ಬಡಿದದ್ದು ಎಷ್ಟು ಸಲ ಪತ್ರಿಕೆಗಳಲ್ಲಿ ಬಂದಿಲ್ಲ?

ಅದೇ ಪುಸ್ತಕದಲ್ಲಿ ಜುಕೋಗೆ ಸಿಕ್ಕಿದ್ದನ್ನು ನೋಡಿ. ಮಕ್ಕಳು ಕಾಣೆಯಾದಾಗ ಅವನು ಹೆದರಿ ಕರ್ಫ್ಯೂ ಹೇರುತ್ತಾನೆ, ಸಂಶಯ ಬಂದವರನ್ನು ಹಿಡಿದು ಒಳಗೆ ಹಾಕಿಸುತ್ತಾನೆ. ಒಳ್ಳೆಯವನೊಬ್ಬ ಜನರ ರಕ್ಷಣೆಯ ಹೆಸರಿನಲ್ಲಿ ನಿರಂಕುಶನಾಗುವುದನ್ನು ಯಾಂಗ್ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತಾರೆ. ಅವನು ತಪ್ಪು ಮಾಡುತ್ತಾನೆ, ತಪ್ಪೆಂದು ಕಾಣುತ್ತಾನೆ, ಜನರೆದುರು ಒಪ್ಪಿಕೊಳ್ಳುತ್ತಾನೆ. ಹೀಗೆ ಅಣ್ಣನ ಆತ್ಮಶೋಧನೆ ನಡೆಯಬೇಕಾದರೆ ತಂಗಿ ರಾಕ್ಷಸಿಯಾಗಿಯೇ ಉಳಿಯಬೇಕು. ಅವಳ ಕೆಡುಕು ಅವನ ಒಳಿತಿಗೆ ಸೌದೆ.

ಸಮಸ್ಯೆ ಅಜುಲಾ ಒಬ್ಬಳದೇ ಅಲ್ಲ. 2016-17ರ 'ನಾರ್ತ್ ಆಂಡ್ ಸೌತ್'ನಲ್ಲಿ ಗಿಲಾಕ್ ಎಂಬವನಿದ್ದಾನೆ. ಯುದ್ಧದಲ್ಲಿ ಹಾಳಾದ ದಕ್ಷಿಣದ ನೀರಿನ ಬುಡಕಟ್ಟನ್ನು ಪುನಃ ಕಟ್ಟುವ ನೆಪದಲ್ಲಿ ಉತ್ತರದವರು ಬಂದು ನಮ್ಮ ನೆಲ, ನಮ್ಮ ಎಣ್ಣೆ, ನಮ್ಮ ಸಂಸ್ಕೃತಿ ಎಲ್ಲವನ್ನೂ ತಮ್ಮದು ಮಾಡಿಕೊಳ್ಳುತ್ತಿದ್ದಾರೆ ಎನ್ನುತ್ತಾನೆ. ಕತೆಯ ಪ್ರಕಾರವೇ ಅವನ ಸಂಶಯ ಪೂರ್ತಿ ಸುಳ್ಳಲ್ಲ. ಎಣ್ಣೆಯ ಮೇಲಿನ ಹಿಡಿತವನ್ನು ಉತ್ತರಕ್ಕೇ ಇಟ್ಟುಕೊಳ್ಳುವ ಗುಟ್ಟಿನ ಯೋಜನೆ ಬಯಲಾಗುತ್ತದೆ. ಆದರೆ ಸರಿಯಾದ ಪ್ರಶ್ನೆ ಕೇಳಿದವನ ಕೈಗೆ ಲೇಖಕರು ಆಯುಧ ಕೊಟ್ಟುಬಿಡುತ್ತಾರೆ. ಅಲ್ಲಿಂದ ಮುಂದೆ ಅವನ ಪ್ರಶ್ನೆಗೆ ಯಾರೂ ಉತ್ತರಿಸಬೇಕಾಗಿಲ್ಲ, ಅವನನ್ನು ಹಿಡಿದರೆ ಸಾಕು. ಈ ತಂತ್ರ ನಮಗೆ ಹೊಸದಲ್ಲ. ನಮ್ಮ ಟಿ.ವಿ. ಚರ್ಚೆಗಳಲ್ಲಿ ದಿನವೂ ನೋಡುತ್ತೇವೆ.

ನನ್ನ ವಾದಕ್ಕೆ ಎದುರುವಾದಗಳಿವೆ, ಅವನ್ನು ತಳ್ಳಿಹಾಕುವುದಿಲ್ಲ. ಮೊದಲನೆಯದು: ಅಜುಲಾ ತಾನೇ ಬದಲಾಗಲು ಒಪ್ಪುವುದಿಲ್ಲ, ಬಲವಂತದ ಪಶ್ಚಾತ್ತಾಪ ಸುಳ್ಳು. ನಿಜವಾದ ಮನುಷ್ಯರ ವಿಷಯದಲ್ಲಿ ಈ ಮಾತು ಒಪ್ಪುತ್ತೇನೆ. ಆದರೆ ಕತೆಯ ಪಾತ್ರ ತಾನಾಗಿ ಏನನ್ನೂ ನಿರಾಕರಿಸುವುದಿಲ್ಲ. ನಿರಾಕರಿಸುವಂತೆ ಬರೆದ ಕೈ ಒಂದಿರುತ್ತದೆ. ಜುಕೋ ಕೂಡ ಎಷ್ಟೋ ಸಲ ನಿರಾಕರಿಸಿದ. ಅವನ ಪಕ್ಕದಲ್ಲಿ ಚಹಾ ಕಾಯಿಸಿಕೊಂಡು ಕಾಯುವ ಒಬ್ಬ ದೊಡ್ಡಪ್ಪನನ್ನು ಕೂರಿಸಿದ್ದು ಯಾರು? ಅಜುಲಾಳ ಪಕ್ಕದಲ್ಲಿ ಯಾರನ್ನೂ ಕೂರಿಸದೆ ಇದ್ದದ್ದು ಯಾರು? ಅದೇ ಐರೋ, ಬಾ ಸಿಂಗ್ ಸೆ ನಗರಕ್ಕೆ 600 ದಿನ ಮುತ್ತಿಗೆ ಹಾಕಿ ಎಷ್ಟು ಮನೆ ಹಾಳು ಮಾಡಿದನೋ, ತನ್ನ ಮಗ ಸತ್ತ ಮೇಲೆ ಕಣ್ಣು ತೆರೆದವನು. ಆ ದಂಡನಾಯಕನಿಗೆ ಚಹಾದಂಗಡಿಯ ಮುದಿತನ ಸಿಕ್ಕಿತು. ಎಲ್ಲರೂ ಅವನನ್ನು ಪ್ರೀತಿಸುತ್ತಾರೆ, ನಾನೂ. ಗಂಡಸರಿಬ್ಬರ ಪಾಪಗಳಿಗೆ ಹಿನ್ನೆಲೆ ಇದೆ, ಹುಡುಗಿಯ ಪಾಪಕ್ಕೆ ಮಾತ್ರ ಹುಟ್ಟುಗುಣ.

ಎರಡನೆಯದು: ಅವಳಿಂದ ನೊಂದವರ ಗತಿಯೇನು? ಎಲ್ಲರನ್ನೂ ಕ್ಷಮಿಸುತ್ತಾ ಹೋದರೆ ನ್ಯಾಯಕ್ಕೆ ಬೆಲೆಯೇನು? ಇದು ಗಟ್ಟಿ ಪ್ರಶ್ನೆ. ಹಝ್ರತ್ ಹಂಝಾ(ರ) ಅವರನ್ನು ಉಹುದ್‌ನಲ್ಲಿ ಭರ್ಚಿ ಎಸೆದು ಕೊಂದ ವಹ್ಶಿಯ ವೃತ್ತಾಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವನು ಗುಲಾಮ, ಕೊಂದರೆ ಬಿಡುಗಡೆ ಎಂದು ಒಡೆಯ ಆಸೆ ತೋರಿಸಿದ್ದ. ಮುಂದೆ ಅವನು ಬಂದು ಇಸ್ಲಾಮ್ ಸ್ವೀಕರಿಸಿದಾಗ ಪ್ರವಾದಿಯವರು(ಸ) ತಿರಸ್ಕರಿಸಲಿಲ್ಲ. ಆದರೆ ಸಾಧ್ಯವಾದರೆ ನನ್ನ ಕಣ್ಣೆದುರು ಬರಬೇಡ ಎಂದರು. ಕತೆ ಬರೆಯುವವಳಾಗಿ ನಾನು ಈ ಪ್ರಸಂಗವನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಕ್ಷಮೆಯೂ ಉಂಟು, ಚಿಕ್ಕಪ್ಪನನ್ನು ಕಳೆದುಕೊಂಡ ನೋವೂ ಉಂಟು. ಒಂದು ಇನ್ನೊಂದನ್ನು ಅಳಿಸಲಿಲ್ಲ. ವಹ್ಶಿ ಅದೇ ಭರ್ಚಿಯಿಂದ ಮುಂದೆ ಸುಳ್ಳು ಪ್ರವಾದಿ ಮುಸೈಲಿಮನನ್ನು ಕೊಂದು, ತನ್ನ ಬದುಕಿನ ಎರಡು ಎಸೆತಗಳನ್ನು ತೂಗಿ ನೋಡುತ್ತಾ ಬಾಳಿದ. ಅಜುಲಾಳನ್ನು ತಬ್ಬಿಕೊಳ್ಳಿ ಎಂದು ಯಾರು ಕೇಳಿದರು? ಮೇ ಮತ್ತು ಟೈ ಲೀ ಅವಳ ಮುಖ ನೋಡದೆ ಇರಲಿ. ಕತಾರಾ ಅವಳನ್ನು ಎಂದೂ ನಂಬದೆ ಇರಲಿ. ಅಂಥ ಮನೆಯಲ್ಲಿ, ಅಂಥ ಊರಿನಲ್ಲಿ ಸರಿಹೋಗಲು ಹೆಣಗುವ ಹುಡುಗಿಯ ಕತೆ ಎಷ್ಟು ದೊಡ್ಡದಾಗುತ್ತಿತ್ತು!

ತೊಂಬತ್ತೊಂಬತ್ತು ಕೊಲೆ ಮಾಡಿದವನ ಹದೀಸನ್ನೂ ಇಲ್ಲಿ ನೆನೆಯಬೇಕು. ತನಗೆ ತೌಬಾ ಉಂಟೇ ಎಂದು ಅವನು ಒಬ್ಬ ಸನ್ಯಾಸಿಯನ್ನು ಕೇಳಿದ. ಇಲ್ಲ ಎಂದ ಸನ್ಯಾಸಿ. ಅವನನ್ನೂ ಕೊಂದು ನೂರು ಮಾಡಿದ. ಆಮೇಲೆ ಒಬ್ಬ ಆಲಿಮ್ ಸಿಕ್ಕಿದರು. ಉಂಟು ಎಂದರು, ಆದರೆ ಈ ಊರು ಕೆಟ್ಟದ್ದು, ಇದನ್ನು ಬಿಟ್ಟು ಒಳ್ಳೆಯವರಿರುವ ಆ ಊರಿಗೆ ಹೋಗು ಎಂದರು. ದಾರಿಯಲ್ಲೇ ಅವನು ಸತ್ತ. ಮಲಕ್‌ಗಳು ನೆಲ ಅಳೆದಾಗ ಒಳ್ಳೆಯ ಊರಿನ ಕಡೆಗೆ ಒಂದು ಗೇಣು ಹತ್ತಿರವಿದ್ದ; ರಹಮತ್ತಿನ ಮಲಕ್‌ಗಳು ಅವನನ್ನು ಕೊಂಡೊಯ್ದರು. ಇಲ್ಲ ಎಂದ ಸನ್ಯಾಸಿಯ ಮಾತಿನಿಂದಾಗಿ ಒಂದು ಕೊಲೆ ಹೆಚ್ಚಾಯಿತು ಎಂಬುದನ್ನು ಗಮನಿಸಿ. ಊರು ಬದಲಾಯಿಸು ಎಂಬುದನ್ನೂ ಗಮನಿಸಿ. ಅಜುಲಾಳನ್ನು ಒಜಾಯ್ ಎಂಬ ತಂದೆ ಕತ್ತಿಯ ಹಾಗೆ ಸಾಣೆ ಹಿಡಿದು ಬೆಳೆಸಿದ. ಆ ಮನೆಯಿಂದ ಅವಳಿಗೆ ಸಿಕ್ಕ ಇನ್ನೊಂದು ಊರು ಯಾವುದು? ಹುಚ್ಚಾಸ್ಪತ್ರೆ, ಆಮೇಲೆ ಕಾಡು.

ಮಕ್ಕಳ ಪುಸ್ತಕದಲ್ಲಿ ಇಷ್ಟೆಲ್ಲ ಸಾಧ್ಯವೇ ಎನ್ನುವವರಿಗೆ ಅದೇ ಪ್ರಕಾಶನದ ಇನ್ನೊಂದು ಪುಸ್ತಕ ತೋರಿಸುತ್ತೇನೆ. 2019-20ರಲ್ಲಿ ಬಂದ 'ರೂಯಿನ್ಸ್ ಆಫ್ ದಿ ಎಂಪೈರ್'. ಮೂಲ ಧಾರಾವಾಹಿಯ ನಂತರ ಬಂದ 'ದಿ ಲೆಜೆಂಡ್ ಆಫ್ ಕೋರಾ'ದ ಮುಂದುವರಿಕೆ ಅದು, ಬರೆದವರು ಡಿಮಾರ್ಟಿನೋ. ಅದರಲ್ಲಿ ಕುವಿರಾ ಎಂಬ ಸರ್ವಾಧಿಕಾರಿ ಇದ್ದಾಳೆ. ಶಿಬಿರಗಳಲ್ಲಿ ಜನರನ್ನು ಕೂಡಿಹಾಕಿದವಳು, ನಗರಕ್ಕೆ ಯಂತ್ರರಾಕ್ಷಸನನ್ನು ನುಗ್ಗಿಸಿದವಳು. ಹೆತ್ತವರು ಬಿಟ್ಟುಹೋದ ಬಾಲ್ಯವನ್ನು ಕಾಮಿಕ್ಸ್ ತೆರೆದು ತೋರಿಸುತ್ತದೆ, ಸಾಕುಮನೆಯವರ ಸಿಟ್ಟನ್ನೂ ತೋರಿಸುತ್ತದೆ. ಅವಳು ತಪ್ಪನ್ನು ಒಪ್ಪಿಕೊಂಡು ಶಿಕ್ಷೆಗೆ ತಲೆಬಾಗುತ್ತಾಳೆ. ನ್ಯಾಯಾಲಯ ಗೃಹಬಂಧನ ವಿಧಿಸುತ್ತದೆ. ಸುಲಭದ ಕ್ಷಮೆ ಅಲ್ಲಿಲ್ಲ. ಆದರೆ ಬಾಗಿಲು ಇದೆ. ಪ್ರಾಯಕ್ಕೆ ಬಂದ, ತಿಳಿದೂ ತಿಳಿದೂ ಸಾಮ್ರಾಜ್ಯ ಕಟ್ಟಿದ ಹೆಂಗಸಿಗೆ ಇದ್ದ ಬಾಗಿಲು ಹದಿನಾಲ್ಕರ ಹುಡುಗಿಗೆ ಯಾಕಿಲ್ಲ?

ಯಾಂಗ್ ಅವರಿಗೇ ಇದು ಬಾರದ ವಿದ್ಯೆಯಲ್ಲ. 'ದಿ ಸರ್ಚ್' ಬಂದ 2013ರಲ್ಲೇ ಅವರ 'ಬಾಕ್ಸರ್ಸ್ ಆಂಡ್ ಸೇಂಟ್ಸ್' ಎರಡು ಸಂಪುಟಗಳಲ್ಲಿ ಬಂತು. ಚೀನಾದ ಬಾಕ್ಸರ್ ದಂಗೆಯ ಕತೆ. ಒಂದು ಸಂಪುಟ ದಂಗೆ ಎದ್ದ ಹುಡುಗನ ಕಣ್ಣಿನಿಂದ, ಇನ್ನೊಂದು ಅವರ ಕತ್ತಿಗೆ ಗುರಿಯಾದ ಕ್ರೈಸ್ತ ಹುಡುಗಿಯ ಕಣ್ಣಿನಿಂದ. ಒಂದನ್ನು ಓದಿ ಯಾರ ಮೇಲೆ ಸಿಟ್ಟು ಬಂತೋ ಇನ್ನೊಂದನ್ನು ಓದಿ ಅವರಿಗಾಗಿ ಮನಸ್ಸು ಮಿಡಿಯುತ್ತದೆ. ಇಷ್ಟು ಬಲ್ಲ ಲೇಖಕರು ಅಜುಲಾಳ ಕಣ್ಣಿನಿಂದ ಒಂದು ಅಧ್ಯಾಯವನ್ನಾದರೂ ಬರೆಯಬಹುದಿತ್ತು.

ಹಿಂದಿನವರ ಕತೆಯನ್ನು ಮುಂದುವರಿಸುವವರ ಕೆಲಸವೇ ಇದು ಎಂದು ನಾನು ತಿಳಿದಿದ್ದೇನೆ. ಹೈಸ್ಕೂಲಿನ ಕನ್ನಡ ಮೇಷ್ಟ್ರು ನನಗೆ ನಾಗಚಂದ್ರನ ರಾವಣನನ್ನು ಪರಿಚಯ ಮಾಡಿಕೊಟ್ಟರು. ಸೀತೆಯ ನಿಷ್ಠೆ ಕಂಡು ಪಶ್ಚಾತ್ತಾಪಪಟ್ಟು, ಯುದ್ಧದಲ್ಲಿ ಗೆದ್ದು ಆಮೇಲೆ ಅವಳನ್ನು ರಾಮನಿಗೆ ಒಪ್ಪಿಸುತ್ತೇನೆ ಎಂದುಕೊಳ್ಳುವ, ಆ ಅಭಿಮಾನದಲ್ಲೇ ಸಾಯುವ ರಾವಣ. ಎಂಟು ಒಂಬತ್ತು ಶತಮಾನದ ಹಿಂದಿನ ಜೈನ ಕವಿಗೆ ಈ ಧೈರ್ಯವಿತ್ತು. ಉರ್ದುವಿನಲ್ಲಿ ಮಂಟೋ 'ಠಂಡಾ ಗೋಷ್ತ್' ಬರೆದು ಕೋರ್ಟು ಹತ್ತಿದ. ಗಲಭೆಯಲ್ಲಿ ಕೊಲೆ, ದರೋಡೆ ಮಾಡಿದವನೊಳಗೂ ಸಾಯದೆ ಉಳಿದ ಮನುಷ್ಯನನ್ನು ತೋರಿಸಿದ.

ನಾನೂ ಈ ತಪ್ಪಿನಿಂದ ಹೊರತಲ್ಲ. ಬಹಳ ಹಿಂದೆ ಒಂದು ಕತೆ ಬರೆದಿದ್ದೆ. ಮೂರು ಸಲ ತಲಾಖ್ ಹೇಳಿ ಹೆಂಡತಿಯನ್ನು ಮಳೆಯಲ್ಲಿ ಹೊರಗೆ ಹಾಕುವ ಗಂಡ, ಅವನಿಗೆ ಬೆಂಬಲವಾಗಿ ನಿಲ್ಲುವ ಅತ್ತೆ. ಕತೆಗೆ ಬಹುಮಾನ ಬಂತು, ಸಭೆಯಲ್ಲಿ ಚಪ್ಪಾಳೆ ಬಿತ್ತು. ನಮ್ಮ ಬೀದಿಯ ಒಬ್ಬ ವಯಸ್ಸಾದ ಹೆಂಗಸು ಕತೆಯನ್ನು ಮೊಮ್ಮಗಳಿಂದ ಓದಿಸಿ ಕೇಳಿ ನನ್ನನ್ನು ಕರೆಸಿದರು. "ಬೇಟಿ, ಅವನು ಮಾಡಿದ್ದು ಝುಲ್ಮ್, ಒಪ್ಪಿದೆ. ಆ ಅತ್ತೆಯನ್ನೂ ಅವಳ ಕಾಲದಲ್ಲಿ ಯಾರೋ ಮಳೆಗೆ ದಬ್ಬಿರಬೇಕಲ್ಲ. ಅದನ್ನು ಯಾಕೆ ಕೇಳಲಿಲ್ಲ ನೀನು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಕೇಳದಿದ್ದರೆ ಕತೆ ಬೇಗ ಮುಗಿಯುತ್ತದೆ, ಚಪ್ಪಾಳೆ ಬೇಗ ಬೀಳುತ್ತದೆ. ಅತ್ತೆ ರಾಕ್ಷಸಿ ಎಂದು ನಂಬಲು ಓದುಗರು ಮೊದಲೇ ತಯಾರಿದ್ದರು, ಅದರಲ್ಲೂ ಬುರ್ಖಾ ಹಾಕಿದ ಅತ್ತೆ. ಅಲ್ಲಿಂದ ಈಚೆಗೆ ಯಾವುದೇ ಕೆಟ್ಟ ಪಾತ್ರ ಬರೆಯುವಾಗ ಆ ಅಜ್ಜಿಯ ಪ್ರಶ್ನೆ ಕೇಳಿಸುತ್ತದೆ.

2023ರಲ್ಲಿ 'ಅಜುಲಾ ಇನ್ ದಿ ಸ್ಪಿರಿಟ್ ಟೆಂಪಲ್' ಬಂತು. ಈಗ ಲೇಖಕಿ ಫೇಯ್ತ್ ಎರಿನ್ ಹಿಕ್ಸ್, ಚಿತ್ರಗಳು ಪೀಟರ್ ವಾರ್ಟ್‌ಮನ್ ಅವರದು. ಹೆಸರು ನೋಡಿಯೇ ಆಸೆಯಾಯಿತು, ಕಡೆಗೂ ಅವಳದೇ ಪುಸ್ತಕ. ಒಂಟಿಯಾದ ಅಜುಲಾ ಒಂದು ಗುಡಿಗೆ ಬರುತ್ತಾಳೆ. ಅಲ್ಲಿನ ಆತ್ಮವೊಂದು ಅವಳ ಹಳೆಯ ಗೆಳತಿಯರನ್ನು, ಅಣ್ಣನನ್ನು, ಹೆತ್ತವರನ್ನು ಕಣ್ಣೆದುರು ತಂದು ನಿಲ್ಲಿಸಿ, ನಿನ್ನ ತಪ್ಪನ್ನು ಒಪ್ಪಿಕೋ, ಬೇರೆ ದಾರಿ ಹಿಡಿ ಎನ್ನುತ್ತದೆ. ಇದು ಹಿಂದಿನದಕ್ಕಿಂತ ಎಷ್ಟೋ ಮೇಲು. ಅವಳ ಒಳಗೇನಿದೆ ಎಂದು ಕೇಳಬೇಕೆಂದು ಕಡೆಗೂ ಯಾರಿಗೋ ಅನ್ನಿಸಿತಲ್ಲ! ಆದರೆ ಕೇಳುವ ರೀತಿ ನೋಡಿ. ಕಾಯಿಲೆಯ ಹುಡುಗಿಗೆ ಮತ್ತೆ ಅದೇ ಭ್ರಮೆಗಳನ್ನು ತೋರಿಸಿ, ಪರೀಕ್ಷೆ ಇಟ್ಟು, ಅದರಲ್ಲಿ ಪಾಸಾದರೆ ದಯೆ ಎನ್ನುವುದು. ಐರೋ ಜುಕೋನಿಗೆ ಪರೀಕ್ಷೆ ಇಡಲಿಲ್ಲ. ಅಜುಲಾ ಒಪ್ಪುವುದಿಲ್ಲ, ಎದ್ದು ಹೋಗುತ್ತಾಳೆ. ನನ್ನ ತಂಗಿಯ ಮಗಳು ಈ ಪುಸ್ತಕ ಮುಗಿಸಿ, "ನೋಡಿ ಖಾಲಾ, ಅವಳಿಗೇ ಬೇಡ" ಎಂದಳು.

ನಾನು ಅವಳಿಗೆ 'ದಿ ಸರ್ಚ್'ನ ಮೂರನೆಯ ಭಾಗ ತೆರೆದು, ತಾಯಿ ಕ್ಷಮೆ ಕೇಳುವ ಪುಟ ಮುಂದಿಟ್ಟೆ. ಅಜುಲಾಳ ಮುಖ ಸರಿಯಾ‌ಗಿ ನೋಡು ಎಂದೆ. ಅವಳು ಬಹಳ ಹೊತ್ತು ನೋಡಿದಳು. "ಇಲ್ಲಿ ಯಾರಾದರೂ ಅವಳ ಕೈ ಹಿಡಿದಿದ್ದರೆ?" ಎಂದು ಕೇಳಿದೆ. ಉತ್ತರ ಹೇಳಲಿಲ್ಲ. ಮುಂದಿನ ಪುಟ ಮಗುಚಿದಳು, ಕಾಡು ಬಂತು. ಮತ್ತೆ ಹಿಂದಿನ ಪುಟಕ್ಕೆ ಬಂದಳು.